ವಾರಿಗೆ ಒಬ್ಬರೇ ಹೊರಟರೆ ಜೊತೆ ಸಿಗುತ್ತಾ?

ಪ್ರಶ್ನೆ: ನನಗೆ 58 ವರ್ಷ, ಧಾರವಾಡದಲ್ಲಿದ್ದೇನೆ. ಯಜಮಾನರು ತೀರಿಕೊಂಡು ಎರಡು ವರ್ಷವಾಯಿತು. ಮಗಳು ಹೊರದೇಶದಲ್ಲಿದ್ದಾಳೆ. ಆಷಾಢದ ವಾರಿಯಲ್ಲಿ, ಅಂದರೆ ವಿಠ್ಠಲನ ದರ್ಶನಕ್ಕೆ ಹೋಗುವ ಕಾಲ್ನಡಿಗೆಯ ಯಾತ್ರೆಯಲ್ಲಿ, ಪುಣೆ ಹತ್ತಿರದ ಆಳಂದಿಯಿಂದ ಪಂಢರಪುರದವರೆಗೆ ನಡೆಯಬೇಕು ಅಂತ ನಾವಿಬ್ಬರೂ ಅಂದುಕೊಂಡಿದ್ದೆವು, ಆಗಲಿಲ್ಲ. ಈಗ ಒಬ್ಬಳೇ ಹೋಗಲು ಮನಸ್ಸಾಗಿದೆ. ಮರಾಠಿ ಕೇಳಿದರೆ ತಿಳಿಯುತ್ತದೆ, ಮಾತಾಡಲು ಬರುವುದಿಲ್ಲ. ಯಾರ ಜೊತೆಗೂ ಬೇಗ ಬೆರೆಯುವ ಸ್ವಭಾವವೂ ನನ್ನದಲ್ಲ. ಅಷ್ಟು ಜನರ ನಡುವೆ ಒಂಟಿಯಾಗಿಬಿಟ್ಟರೆ ಅಂತ ಹೆದರಿಕೆ. ಮಗಳು ಬೇಡವೇ ಬೇಡ ಅನ್ನುತ್ತಾಳೆ. ದಾರಿಯಲ್ಲಿ ಜೊತೆ ಹೇಗೆ ಹುಡುಕಲಿ?

ಉತ್ತರ:

ಹೋಗಿ ಬನ್ನಿ ಅಂತಲೇ ನಾನು ಹೇಳುವುದು. ಆದರೆ ಬಿಡಿಯಾಗಿ ಹೊರಡಬೇಡಿ. ಒಂದು ದಿಂಡಿಗೆ, ಅಂದರೆ ಒಟ್ಟಿಗೆ ಹಾಡುತ್ತಾ ನಡೆಯುವ ಒಂದು ತಂಡಕ್ಕೆ, ಮೊದಲೇ ಹೆಸರು ಕೊಡಿ. ಆ ದಿಂಡಿಯ ಸಾಲಿನಲ್ಲಿ ನಿಂತು ನಡೆಯಿರಿ. ಅದರ ಅಡುಗೆಯ ಕಡೆ ಒಂದು ಕೆಲಸ ಹಿಡಿಯಿರಿ. ಇಷ್ಟು ಮಾಡಿದರೆ ಜೊತೆಯನ್ನು ನೀವು ಹುಡುಕಬೇಕಾಗಿಲ್ಲ. ಬೇಗ ಬೆರೆಯದವರಿಗೆ ವಾರಿ ಕಷ್ಟ ಅಂತ ಸುಮಾರು ಜನ ಅಂದುಕೊಂಡಿರುತ್ತಾರೆ. ನಾನು ಕಂಡದ್ದು ಬೇರೆ. ಮಾತಿನ ಮಲ್ಲಿಯರು ಮೂರು ದಿನಕ್ಕೆ ಸುಸ್ತಾಗುತ್ತಾರೆ. ಸುಮ್ಮನೆ ಸಾಲಿನಲ್ಲಿ ನಡೆಯುವವರು ಪಂಢರಪುರದ ಹೊತ್ತಿಗೆ ಎಲ್ಲರಿಗೂ ಬೇಕಾದವರಾಗಿರುತ್ತಾರೆ.

ನಾನು ಗಡಿಭಾಗದವಳು. ಹಲವು ವರ್ಷಗಳಿಂದ ಒಂದು ದಿಂಡಿಯಲ್ಲಿ ಹೆಂಗಸರ ಊಟ, ವಸತಿಯ ಹೊಣೆ ನೋಡಿಕೊಳ್ಳುತ್ತಿದ್ದೇನೆ. ನಿಮ್ಮಂತೆ ಒಬ್ಬರೇ ಬರುವ ಹೆಂಗಸರು ಪ್ರತಿ ವರ್ಷ ನಮ್ಮ ಡೇರೆಗೆ ಬರುತ್ತಾರೆ. ಗಂಡನನ್ನು ಕಳೆದುಕೊಂಡವರು ಅವರಲ್ಲಿ ಜಾಸ್ತಿ. ಹಾಗಾಗಿ ನಿಮ್ಮ ಪತ್ರದಲ್ಲಿ ನನಗೆ ಹೊಸದೇನೂ ಇರಲಿಲ್ಲ, ಅಕ್ಕ. ನೀವು ಅಲ್ಲಿ ಒಬ್ಬರೇ ಅಂತೂ ಆಗಿರುವುದಿಲ್ಲ.

ವಾರಿಯ ಕಟ್ಟು ಹೇಗಿದೆ ಅಂತ ಮೊದಲು ತಿಳಿದುಕೊಳ್ಳಿ. ಹೆದರಿಕೆ ಅರ್ಧ ಅಲ್ಲೇ ಇಳಿಯುತ್ತದೆ. ಟಿವಿಯಲ್ಲಿ ನೋಡಿದರೆ ಅದು ಬರೀ ಜನಜಂಗುಳಿ. ಒಳಗೆ ನಿಂತು ನೋಡಿದರೆ ಪ್ರತಿಯೊಬ್ಬರಿಗೂ ಒಂದು ಜಾಗ ಇದೆ. ಸಂತ ಜ್ಞಾನೇಶ್ವರರ ಪಾದುಕೆಗಳಿರುವ ಪಲ್ಲಕ್ಕಿ ಎತ್ತು ಕಟ್ಟಿದ ಬೆಳ್ಳಿಯ ರಥದಲ್ಲಿ ಹೋಗುತ್ತದೆ. ರಥದ ಮುಂದೆ 27 ದಿಂಡಿಗಳು, ಹಿಂದೆ ನೂರಾರು. ಪ್ರತಿ ದಿಂಡಿಗೂ ಒಂದು ನಂಬರು. ‘ರಥದ ಮುಂದೆ ಇಷ್ಟನೇ ದಿಂಡಿ’, ‘ರಥದ ಹಿಂದೆ ಇಷ್ಟನೇ ದಿಂಡಿ’ ಅನ್ನುವುದೇ ಅಲ್ಲಿ ವಿಳಾಸ. ಈ ಕ್ರಮ ದಾರಿಯುದ್ದಕ್ಕೂ ಬದಲಾಗುವುದಿಲ್ಲ.

ಒಂದು ದಿಂಡಿಯ ಒಳಗೂ ಹೀಗೇ. ಮುಂದೆ ಕಾವಿ ಬಾವುಟ ಹಿಡಿದವರು. ಅವರ ಹಿಂದೆ ತಾಳ ಹಿಡಿದವರು ಸಾಲುಸಾಲಾಗಿ. ನಡುವೆ ಪಖವಾಜ ಬಾರಿಸುವವರು, ವೀಣೆ ಹೊತ್ತ ವೀಣೇಕರಿ. ಅದರ ಹಿಂದೆ ನಾವು ಹೆಂಗಸರು. ಕೆಲವರ ತಲೆಯ ಮೇಲೆ ತುಳಸಿಕಟ್ಟೆ, ಕೆಲವರ ತಲೆಯ ಮೇಲೆ ನೀರಿನ ಕೊಡ. ಬೆಳಗಿನ ಅಭಂಗಗಳಿಗೆ (ಸಂತರ ಭಕ್ತಿಪದಗಳು), ಮಧ್ಯಾಹ್ನದವುಗಳಿಗೆ, ಸಂಜೆಯ ಹರಿಪಾಠಕ್ಕೆ (ಹರಿನಾಮದ ಅಭಂಗಗಳ ಗುಚ್ಛ) ಒಂದು ಕ್ರಮ ಇದೆ. ವಾರದ ಯಾವ ದಿನ ಯಾವ ಅಭಂಗ ಅನ್ನುವುದೂ ನಿಗದಿಯಾಗಿದೆ. ಏನು ಮಾತಾಡಲಿ, ಎಲ್ಲಿ ನಿಲ್ಲಲಿ, ಕೈ ಎಲ್ಲಿ ಇಟ್ಟುಕೊಳ್ಳಲಿ ಅನ್ನುವ ಚಿಂತೆ ಸಂಕೋಚದ ಸ್ವಭಾವದವರಿಗೆ ಇರುತ್ತದಲ್ವಾ, ಅದಕ್ಕೆ ಇಲ್ಲಿ ಎಡೆಯೇ ಇಲ್ಲ. ಅವರು ಹಾಡುತ್ತಾರೆ, ನೀವು ಹಿಂದಿನಿಂದ ದನಿ ಸೇರಿಸುತ್ತೀರಿ. ಎರಡನೆಯ ದಿನಕ್ಕೆ ಪಕ್ಕದವರ ಹೆಜ್ಜೆಗೆ ನಿಮ್ಮ ಹೆಜ್ಜೆ ಕೂಡಿಕೊಳ್ಳುತ್ತದೆ.

ಪಲ್ಲಕ್ಕಿಗೆ ಈಗಿನ ರೂಪ ಕೊಟ್ಟವರು ಹೈಬತರಾವ್ ಬಾಬಾ ಆರಫಳಕರ್. 19ನೇ ಶತಮಾನದ ಮೊದಲ ಭಾಗದ ಮಾತು. ಅವರು ಗ್ವಾಲಿಯರಿನ ಶಿಂದೆ (ಸಿಂಧಿಯಾ) ಅರಸರ ಸೇವೆಯಲ್ಲಿದ್ದವರು. ಸಾಲು, ಹೊರಡುವ ಸೂಚನೆ, ಸಾಲಿನ ಶಿಸ್ತು ನೋಡಿಕೊಳ್ಳುವ ಚೋಪದಾರರ ಕೋಲು, ಇವೆಲ್ಲದರಲ್ಲಿ ದಂಡಿನ ಶಿಸ್ತು ಇವತ್ತಿಗೂ ಕಾಣುತ್ತದೆ. ಅವರಿಗೆ ನೆರವಾದವರಲ್ಲಿ ನಮ್ಮ ಚಿಕ್ಕೋಡಿ ತಾಲೂಕಿನ ಅಂಕಲಿಯ ಶಿತೋಳೆ ಮನೆತನವೂ ಒಂದು. ಪಲ್ಲಕ್ಕಿಯ ಜೊತೆಗಿರುವ ಎರಡು ಕುದುರೆಗಳು ಈಗಲೂ ಪ್ರತಿ ವರ್ಷ ಅಂಕಲಿಯಿಂದಲೇ ಆಳಂದಿಗೆ ಹೋಗುತ್ತವೆ, ಅದೂ ರಸ್ತೆಯಲ್ಲಿ ನಡೆದುಕೊಂಡೇ. ಇನ್ನು ವಿಠ್ಠಲನನ್ನು ‘ಕಾನಡಾ’, ಅಂದರೆ ಕನ್ನಡದವನು, ಅಂತ ಹಾಡಿದವರು ಸ್ವತಃ ಜ್ಞಾನೇಶ್ವರರು. ಕನ್ನಡದವಳು ಅಂತ ಹಿಂಜರಿಯಬೇಡಿ ಅಂತ ಇದನ್ನೆಲ್ಲ ಹೇಳುತ್ತಿದ್ದೇನೆ. ನೀವು ಅಲ್ಲಿಗೆ ಹೊರಗಿನವರಾಗಿ ಹೋಗುತ್ತಿಲ್ಲ.

ಈಗ ದಿಂಡಿ ಹುಡುಕುವ ಮಾತು. ಈ ಕೆಲಸಕ್ಕೆ ಸಮಯ ಕೊಡಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಲ್ಲಿ ಹಳೆಯ ವಿಠ್ಠಲ ಮಂದಿರಗಳಿವೆ. ನಾಮದೇವ ಸಿಂಪಿ ಸಮಾಜದವರು, ಭಾವಸಾರ ಕ್ಷತ್ರಿಯ ಸಮಾಜದವರು ನಡೆಸುವ ಮಂದಿರಗಳೂ ಇವೆ. ಏಕಾದಶಿಯ ದಿನ ಅಲ್ಲಿ ಭಜನೆ ಇರುತ್ತದೆ. ಯುಗಾದಿಯ ಹೊತ್ತಿಗೇ ಹೋಗಲು ಶುರುಮಾಡಿ. ಒಂದೇ ಸಲ ಹೋಗಿ ವಿಚಾರಿಸಿ ಬರಬೇಡಿ, ನಾಲ್ಕಾರು ಏಕಾದಶಿ ಹೋಗಿ ಕೂತು ಹಾಡಿ. ವಾರಿ ಮಾಡಿದವರು ಅಲ್ಲಿ ಇದ್ದೇ ಇರುತ್ತಾರೆ. ಅವರ ದಿಂಡಿ ಯಾವುದು, ಹೆಂಗಸರು ಎಷ್ಟು ಜನ, ಪ್ರಮುಖರು ಯಾರು ಅಂತ ಕೇಳಿ. ಇದರಲ್ಲಿ ಇನ್ನೊಂದು ಲಾಭ ಇದೆ. ಹರಿಪಾಠ ನಿಮ್ಮ ಕಿವಿಗೆ ಬಿದ್ದಿರುತ್ತದೆ. ಗೊತ್ತಿರುವ ಹಾಡು ದಾರಿಯಲ್ಲಿ ಕೇಳಿಬಂದರೆ ಎಷ್ಟು ಧೈರ್ಯ ಬರುತ್ತದೆ ಅನ್ನುವುದು ಹೋದವರಿಗೇ ಗೊತ್ತು.

ಪ್ರಮುಖರಿಗೆ ಫೋನ್ ಮಾಡಿದಾಗ ಸಂಕೋಚ ಬಿಟ್ಟು ಕೇಳಬೇಕಾದ ಮಾತುಗಳಿವೆ. ರಾತ್ರಿ ಹೆಂಗಸರಿಗೆ ಬೇರೆ ಡೇರೆ ಇದೆಯಾ? ಸಾಮಾನಿನ ಲಾರಿಯಲ್ಲಿ ನನ್ನ ಚೀಲಕ್ಕೆ ಜಾಗ ಇದೆಯಾ? ನೀರಿನ ಟ್ಯಾಂಕರ್ ಇದೆಯಾ? ಕಾಲು ಸೋತ ದಿನ ಗಾಡಿಯಲ್ಲಿ ಹತ್ತಿಸಿಕೊಳ್ಳುತ್ತೀರಾ? ಊಟಕ್ಕೆ, ವಸತಿಗೆ ಒಟ್ಟಾಗಿ ಕಟ್ಟುವ ಹಣಕ್ಕೆ ಭಿಶಿ ಅನ್ನುತ್ತಾರೆ. ಅದು ಎಷ್ಟು, ಅದರಲ್ಲಿ ಏನೇನು ಸೇರಿದೆ? ಒಬ್ಬರೇ ಬಂದ ಹೆಂಗಸರು ಈಗಾಗಲೇ ನಿಮ್ಮಲ್ಲಿ ಇದ್ದಾರಾ? ಕೊನೆಯ ಪ್ರಶ್ನೆಗೆ ಹೌದು ಅಂತ ಬಂದರೆ ಅವರಲ್ಲಿ ಒಬ್ಬರ ಫೋನ್ ನಂಬರ್ ಕೇಳಿ ಪಡೆಯಿರಿ. ಅವರ ಜೊತೆ ಹತ್ತು ನಿಮಿಷ ಮಾತಾಡಿದರೆ ದಿಂಡಿ ಎಂಥದ್ದು ಅಂತ ತಿಳಿದುಬಿಡುತ್ತದೆ. ನಮ್ಮ ಕಡೆಯ ಹೆಂಗಸರಿಗೆ ನಾನು ಯಾವಾಗಲೂ ಮೊದಲು ಹೇಳುವುದು ಇದನ್ನೇ.

ಇನ್ನೂ ಒಂದು ಮಾತು ಕೇಳಿಬಿಡಿ. ಊಟಕ್ಕೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂರುತ್ತೀರಾ ಅಂತ. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಕಳೆದ ಶತಮಾನದ ಮಧ್ಯದಲ್ಲಿ ಈ ದಾರಿಯಲ್ಲಿ ನಡೆದಿದ್ದರು. ಒಟ್ಟಿಗೆ ಹಾಡಿ ಒಟ್ಟಿಗೆ ನಡೆದವರು ಊಟಕ್ಕೆ ಮಾತ್ರ ಜಾತಿ ನೋಡಿ ಬೇರೆ ಕೂರುವುದನ್ನು ಕಂಡು ಅವರಿಗೆ ನೋವಾಗಿತ್ತು. ಈಗ ಎಷ್ಟೋ ದಿಂಡಿಗಳಲ್ಲಿ ಎಲ್ಲರಿಗೂ ಒಂದೇ ಪಂಕ್ತಿ. ಹಾಗಂತ ಎಲ್ಲ ದಿಂಡಿಗಳೂ ಒಂದೇ ಥರ ಅಲ್ಲ. ಅಸ್ಪೃಶ್ಯ ಅಂತ ದೂರ ಇಟ್ಟ ಜಾತಿಯಲ್ಲಿ ಹುಟ್ಟಿದ ಸಂತ ಚೋಖಾಮೇಳನ ಸಮಾಧಿಗೆ ತಲೆಬಾಗಿ ವಿಠ್ಠಲನ ಗುಡಿಗೆ ಹೋಗುವ ಜನ ನಾವು. ಒಬ್ಬರನ್ನು ದೂರ ಕೂರಿಸಿ ಉಣ್ಣುವ ಕಡೆ ನಿಮಗೆ ನಿಜವಾದ ಜೊತೆ ಸಿಗುವುದಿಲ್ಲ. ಅಂಥದ್ದಾದರೆ ಬೇರೆ ದಿಂಡಿ ನೋಡಿ. ಈ ವಿಷಯದಲ್ಲಿ ನಾನು ಗಟ್ಟಿ.

ತುಳಸಿಮಾಲೆ ಹಾಕಿಕೊಳ್ಳಲೇಬೇಕಾ ಅಂತ ಬಹಳ ಜನ ಕೇಳುತ್ತಾರೆ. ಮಾಲೆ ಹಾಕಿಕೊಂಡವರಿಗೆ ಮಾಂಸ, ಮದ್ಯ ಇಲ್ಲ, ಏಕಾದಶಿ ಉಪವಾಸ ಇದೆ, ವರ್ಷ ವರ್ಷ ವಾರಿ ಇದೆ. ಅದು ಬಾಳಿಗೆ ಹಿಡಿಯುವ ನೇಮ. ಮೊದಲ ಸಲ ನಡೆಯುವವರಿಗೆ ಕಡ್ಡಾಯ ಅಲ್ಲ. ಯಾರಾದರೂ ಒತ್ತಾಯ ಮಾಡಿದರೆ ಮುಂದಿನ ವರ್ಷ ನೋಡೋಣ ಅಂತ ಕೈಮುಗಿಯಿರಿ, ಸಾಕು.

ಜ್ಯೇಷ್ಠ ಬಹುಳ ಅಷ್ಟಮಿಗೆ ಪಲ್ಲಕ್ಕಿ ಆಳಂದಿಯ ಗುಡಿಯಿಂದ ಹೊರಡುತ್ತದೆ. ಒಂದು ದಿನ ಮೊದಲೇ ಹೋಗಿ ದಿಂಡಿಯವರು ಇಳಿದುಕೊಂಡಿರುವ ಜಾಗ ಸೇರಿಕೊಳ್ಳಿ. ಅವತ್ತು ಅಲ್ಲಿ ಲಾರಿಗೆ ಸಾಮಾನು ಏರಿಸುವ ಗಡಿಬಿಡಿ ಇರುತ್ತದೆ. ಯಾರೂ ನಿಮ್ಮನ್ನು ಕೂರಿಸಿ ಉಪಚಾರ ಮಾಡುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ. ಚೀಲ ಕೆಳಗಿಟ್ಟು, ಅಡುಗೆ ನಡೆಯುವ ಕಡೆ ಹೋಗಿ, ಇಳಿಗೆಮಣೆಯ ಮುಂದೆ ಕೂತುಬಿಡಿ. ಕಾಯಿಪಲ್ಯ ಹೆಚ್ಚುವ ಕೆಲಸ ಅಲ್ಲಿ ಮುಗಿಯುವುದೇ ಇಲ್ಲ. ಹೊಸಬರು ಕೈ ಹಚ್ಚಿದರೆ ಯಾರೂ ಬೇಡ ಅನ್ನುವುದಿಲ್ಲ. ನಾಲ್ಕು ಬದನೆಕಾಯಿ ಹೆಚ್ಚುವುದರೊಳಗೆ ಪಕ್ಕದವರು ಯಾವ ಊರು, ಯಾರ ಜೊತೆ ಬಂದಿರಿ, ಮಕ್ಕಳೆಷ್ಟು ಅಂತ ಕೇಳಿರುತ್ತಾರೆ.

ಕೆಲಸದ ವಿಷಯದಲ್ಲಿ ಇನ್ನೂ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಜೊತೆ ಹುಟ್ಟುವ ಜಾಗ ಇದೇ. ದಿನಾ ಮಾಡುವ ಒಂದೇ ಕೆಲಸ ಆರಿಸಿಕೊಳ್ಳಿ. ಊಟದ ಹೊತ್ತಿಗೆ ನೀರು ಬಡಿಸುವುದಾಗಲಿ, ಬೆಳಿಗ್ಗೆ ಡೇರೆಯ ತಾಡಪಾಲು ಮಡಚುವುದಾಗಲಿ, ಭಾಕರಿ ಬಡಿಯುವವರಿಗೆ ಹಿಟ್ಟು ನಾದಿ ಕೊಡುವುದಾಗಲಿ. ಒಂದು ವರ್ಷ ಅಥಣಿ ಕಡೆಯ ಒಬ್ಬ ತಾಯಿ ಬಂದಿದ್ದರು. ಮೊದಲ ದಿನಗಳಲ್ಲಿ ಯಾರೊಡನೆಯೂ ಮಾತಿಲ್ಲ. ನಡೆಯುವಾಗಲೂ ತಲೆ ತಗ್ಗಿಸಿಯೇ. ನಾನು ಅವರ ಕೈಗೆ ಕೊಬ್ಬರಿ ಎಣ್ಣೆಯ ಡಬ್ಬಿ ಕೊಟ್ಟು, ರಾತ್ರಿ ಮಲಗುವ ಮುಂಚೆ ಬೇಕಾದವರಿಗೆ ಕಾಲಿಗೆ ಹಚ್ಚಲು ಕೊಡಿ ಅಂದೆ. ಜನ ಅವರ ಹತ್ತಿರ ಬಂದು ಕಾಲು ಚಾಚಿ ಕೂರತೊಡಗಿದರು. ಗುಳ್ಳೆ ತೋರಿಸಿದರು, ಮೊಣಕಾಲು ತೋರಿಸಿದರು, ಆಮೇಲೆ ಮನೆಯ ಕಥೆ ತೆಗೆದರು. ಪಂಢರಪುರದ ಹತ್ತಿರದ ವಾಖರಿ ಮುಟ್ಟುವ ಹೊತ್ತಿಗೆ ಆ ತಾಯಿಯ ಸುತ್ತ ರಾತ್ರಿ ಹತ್ತು ಹೆಂಗಸರು ಇರುತ್ತಿದ್ದರು. ಅವರು ಅಷ್ಟಾಗಿ ಮಾತಾಡಲೇ ಇಲ್ಲ, ಕೊನೆಯವರೆಗೂ. ಬೇಕಾಗಲೂ ಇಲ್ಲ.

ಮಾತಿನ ಬಗ್ಗೆ ಚಿಂತೆ ಬೇಡ. ವಾರಿಯಲ್ಲಿ ಚಿಕ್ಕವರು, ದೊಡ್ಡವರು, ಪೊಲೀಸರು, ಚಹಾ ಮಾರುವವರು ಎಲ್ಲರೂ ಎಲ್ಲರಿಗೂ ‘ಮಾವುಲಿ’, ಅಂದರೆ ತಾಯಿ. ದಾರಿ ಬಿಡಿ ಅನ್ನಲೂ ಮಾವುಲಿ, ನೀರು ಕೊಡಿ ಅನ್ನಲೂ ಮಾವುಲಿ. ಎದುರಾದವರು ನಿಮ್ಮ ಕಾಲು ಮುಟ್ಟಿ ನಮಸ್ಕರಿಸಬಹುದು. ವಯಸ್ಸಿನಲ್ಲಿ ಹಿರಿಯರೂ ಹಾಗೆ ಮಾಡುತ್ತಾರೆ. ಮುಜುಗರಪಟ್ಟು ಹಿಂದೆ ಸರಿಯಬೇಡಿ. ನೀವೂ ಬಾಗಿ ಅವರ ಕಾಲು ಮುಟ್ಟಿ. ಬೆಳಿಗ್ಗೆ ಸ್ನಾನವಾದ ಮೇಲೆ ಗೋಪೀಚಂದನ, ಬುಕ್ಕಾ (ಪರಿಮಳದ ಕಪ್ಪು ಪುಡಿ) ಹಚ್ಚುವಾಗ ನಿಮ್ಮ ಹಣೆಗೂ ಹಚ್ಚುತ್ತಾರೆ. ನೀವು ಬರೆಯದೆ ಬಿಟ್ಟ ಒಂದು ಅಳುಕು ಇದೇ ಇರಬಹುದು ಅಂತ ಅನಿಸಿ ಹೇಳುತ್ತಿದ್ದೇನೆ. ನಮ್ಮ ದಿಂಡಿಯಲ್ಲಿ ಗಂಡ ಇದ್ದವರು, ಇಲ್ಲದವರು ಅಂತ ಹಣೆ ನೋಡಿ ಯಾರೂ ಬೇರೆ ಮಾಡುವುದಿಲ್ಲ.

ದಿನಚರಿ ಕೇಳಿ. ನಸುಕಿನಲ್ಲಿ ಮೂರು, ಮೂರೂವರೆಗೆ ಡೇರೆಯಲ್ಲಿ ಸದ್ದು ಶುರುವಾಗುತ್ತದೆ. ಟ್ಯಾಂಕರ್ ಹತ್ತಿರ ತಣ್ಣೀರಿನ ಸ್ನಾನ. ಕಹಳೆ ಮೂರು ಸಲ ಊದುತ್ತಾರೆ. ಮೊದಲನೆಯದಕ್ಕೆ ತಯಾರಾಗಬೇಕು, ಎರಡನೆಯದಕ್ಕೆ ಸಾಲು ಹಿಡಿಯಬೇಕು, ಮೂರನೆಯದಕ್ಕೆ ಪಲ್ಲಕ್ಕಿ ಹೊರಡುತ್ತದೆ. ದಾರಿಯಲ್ಲಿ ಊರವರು ಚಹಾ, ಬಾಳೆಹಣ್ಣು, ಝುಣಕ-ಭಾಕರಿ ಹಿಡಿದು ನಿಂತಿರುತ್ತಾರೆ. ವಿಶ್ರಾಂತಿಯ ಹೊತ್ತಿನಲ್ಲಿ ಹೆಂಗಸರು ಫುಗಡಿ ಆಡುತ್ತಾರೆ. ಎಪ್ಪತ್ತು ದಾಟಿದ ಅಜ್ಜಿಯರೂ ಕೈ ಕೈ ಹಿಡಿದು ಗಿರಗಿರ ತಿರುಗುತ್ತಾರೆ. ಯಾರಾದರೂ ಕೈ ಚಾಚಿದರೆ ಹೋಗಿ, ಒಂದು ಸುತ್ತು ಸಾಕು.

ಮೊದಲ ದಿನಗಳಲ್ಲಿ ಮೋಸಹೋಗಬೇಡಿ. ಆಳಂದಿಯಿಂದ ಪುಣೆಯವರೆಗೆ, ಪುಣೆಯಿಂದ ದಿವೇ ಘಾಟ್ ಹತ್ತಿ ಸಾಸವಡದವರೆಗೆ, ಊರಿನ ಜನ ಒಂದೊಂದು ದಿನ ನಡೆಯಲು ಬಂದಿರುತ್ತಾರೆ. ಫೋಟೊ ಜಾಸ್ತಿ, ಗದ್ದಲ ಜಾಸ್ತಿ. ಆ ಜನರಲ್ಲಿ ಗೆಳೆತನ ಕಟ್ಟಲು ಹೋದರೆ ಮರುದಿನ ಅವರು ಇರುವುದಿಲ್ಲ. ಘಾಟಿನ ದಿನ ಸುಮಾರು 30 ಕಿಲೋಮೀಟರ್ ನಡಿಗೆ, ಸಾಮಾನ್ಯವಾಗಿ ಅದು ಏಕಾದಶಿಯ ದಿನವೇ ಬರುತ್ತದೆ. ಉಪವಾಸ, ಏರು, ಮಳೆ ಎಲ್ಲ ಒಟ್ಟಿಗೆ. ಎಷ್ಟೋ ಜನ ಅವತ್ತು ರಾತ್ರಿ ಡೇರೆಯಲ್ಲಿ ಅಳುತ್ತಾರೆ. ಇಲ್ಲಿಗೆ ಯಾಕೆ ಬಂದೆ, ಯಾರಿಗಾಗಿ ಬಂದೆ ಅನಿಸುತ್ತದೆ. ನಿಮಗೂ ಅನಿಸಬಹುದು. ಯಜಮಾನರ ನೆನಪು ಅವತ್ತು ಜೋರಾಗಿ ಬರಬಹುದು. ಬರಲಿ ಬಿಡಿ. ಪಕ್ಕದಲ್ಲಿ ಮಲಗಿದವರಿಗೆ ಗೊತ್ತಾದರೂ ತೊಂದರೆ ಇಲ್ಲ. ಅವರಲ್ಲಿ ಒಬ್ಬರು ಎದ್ದು ನಿಮಗೆ ನೀರು ಕೊಡುತ್ತಾರೆ. ಸಾಸವಡದಲ್ಲಿ ಪಲ್ಲಕ್ಕಿ ಎರಡು ರಾತ್ರಿ ನಿಲ್ಲುತ್ತದೆ. ಮರುದಿನ ಬಟ್ಟೆ ಒಗೆದು, ಕಾಲಿಗೆ ಎಣ್ಣೆ ಹಚ್ಚಿ, ಚೆನ್ನಾಗಿ ನಿದ್ದೆ ಮಾಡಿ. ಊರಿಗೆ ವಾಪಸ್ ಹೋಗುವ ನಿರ್ಧಾರವನ್ನು ಘಾಟಿನ ರಾತ್ರಿ ಮಾತ್ರ ಮಾಡಬೇಡಿ.

ಸಾಸವಡ ದಾಟಿದ ಮೇಲೆ ದಾರಿಯ ಬಣ್ಣವೇ ಬೇರೆ. ಉಳಿದವರು ಪೂರ್ತಿ ನಡೆಯುವವರು. ಮುಖಗಳು ಪರಿಚಯವಾಗುತ್ತವೆ. ಮುಂದೆ ಜೇಜುರಿ, ಖಂಡೋಬನ ಊರು. ನಮ್ಮ ಮೈಲಾರಲಿಂಗನೇ ಅವನು. ಅಲ್ಲಿ ಪಲ್ಲಕ್ಕಿಯ ಮೇಲೆ ಭಂಡಾರ ಎರಚಿದಾಗ ರಸ್ತೆಯೆಲ್ಲ ಅರಿಸಿನ ಬಣ್ಣ. ಮೈಲಾರ, ದೇವರಗುಡ್ಡ ನೋಡಿದ ನಿಮಗೆ ಮನೆಯಲ್ಲೇ ಇದ್ದ ಹಾಗೆ ಅನಿಸುತ್ತದೆ. ಆಮೇಲೆ ವಾಲ್ಹೆ, ನೀರಾ ನದಿಯಲ್ಲಿ ಪಾದುಕೆಗಳ ಸ್ನಾನ, ಲೋಣಂದ. ತರಡಗಾವ್‌ಗೆ ಹೋಗುವ ದಾರಿಯಲ್ಲಿ ಚಾಂದೋಬಾಚಾ ಲಿಂಬ ಅನ್ನುವ ಕಡೆ ಮೊದಲ ರಿಂಗಣ.

ರಿಂಗಣ ತಪ್ಪಿಸಿಕೊಳ್ಳಬೇಡಿ. ದಿಂಡಿಗಳು ಎರಡು ಕಡೆ ಸಾಲಾಗಿ ನಿಲ್ಲುತ್ತವೆ, ನಡುವೆ ದಾರಿ. ಅಂಕಲಿಯ ಕುದುರೆಗಳು ಆ ದಾರಿಯಲ್ಲಿ ಓಡುತ್ತವೆ. ಒಂದರ ಮೇಲೆ ಬಾವುಟ ಹಿಡಿದ ಸವಾರ. ಇನ್ನೊಂದರ ಬೆನ್ನು ಖಾಲಿ, ಅದು ಜ್ಞಾನೇಶ್ವರ ಮಾವುಲಿಯ ಕುದುರೆ. ಮುಂದೆ ಮಾಳಶಿರಸದ ಆಸುಪಾಸಿನ ಬಯಲುಗಳಲ್ಲಿ ದುಂಡು ರಿಂಗಣಗಳು ಇರುತ್ತವೆ. ಅಲ್ಲಿ ಬಾವುಟದವರು ಓಡುತ್ತಾರೆ, ಪಖವಾಜದವರು ಓಡುತ್ತಾರೆ, ತುಳಸಿ ಹೊತ್ತ ಹೆಂಗಸರೂ ಓಡುತ್ತಾರೆ. ಕುದುರೆ ಹೋದ ಮೇಲೆ ಅದರ ಗೊರಸಿನ ಮಣ್ಣಿಗಾಗಿ ಜನ ಮುಗಿಬೀಳುತ್ತಾರೆ. ಅಷ್ಟು ಹೊತ್ತಿಗೆ ನಿಮಗೊಬ್ಬರು ಜೊತೆಗಾರರು ಇದ್ದೇ ಇರುತ್ತಾರೆ. ಅವರ ಹಣೆಗೆ ನೀವು, ನಿಮ್ಮ ಹಣೆಗೆ ಅವರು ಆ ಮಣ್ಣು ಹಚ್ಚುತ್ತೀರಿ. ಬಿಸಿಲಿನಲ್ಲಿ ಗಂಟೆಗಟ್ಟಲೆ ಕಾದು ನಿಂತಿರಬೇಕಾಗುತ್ತದೆ. ಟೋಪಿ, ನೀರು ಮರೆಯಬೇಡಿ.

ಸಂಜೆಯ ಸಮಾಜ ಆರತಿಯನ್ನೂ ಒಂದು ಸಲವಾದರೂ ಹತ್ತಿರದಿಂದ ನೋಡಿ. ಬೀಡು ಬಿಟ್ಟ ಜಾಗದಲ್ಲಿ ದಿಂಡಿಗಳೆಲ್ಲ ಪಲ್ಲಕ್ಕಿಯ ಸುತ್ತ ನಿಂತಿರುತ್ತವೆ. ತಾಳಗಳು ಒಂದೇ ಸಮನೆ ಬಾರಿಸುತ್ತಿರುತ್ತವೆ. ಚೋಪದಾರ ಕೋಲು ಎತ್ತುತ್ತಾರೆ. ತಟ್ಟನೆ ಅಷ್ಟೂ ಜನ ಸದ್ದಿಲ್ಲ. ಯಾವುದಾದರೂ ದಿಂಡಿಗೆ ದೂರು ಇದ್ದರೆ ಅದು ಮಾತ್ರ ತಾಳ ನಿಲ್ಲಿಸುವುದಿಲ್ಲ. ಚೋಪದಾರ ಅಲ್ಲಿಗೇ ಹೋಗಿ ಕೇಳುತ್ತಾರೆ. ಆಮೇಲೆ ಕಳೆದುಹೋದ, ಸಿಕ್ಕಿದ ವಸ್ತುಗಳನ್ನು ಹೇಳುತ್ತಾರೆ. ಯಾರದೋ ಚೀಲ, ಯಾರದೋ ಕನ್ನಡಕ. ಇಷ್ಟು ದೊಡ್ಡ ಜನರಾಶಿಯಲ್ಲಿ ಒಂದು ಕನ್ನಡಕಕ್ಕೂ ಒಡೆಯರನ್ನು ಹುಡುಕುವುದು ಕಂಡಾಗ ನನಗೆ ಈಗಲೂ ಕಣ್ಣು ತುಂಬುತ್ತದೆ.

ನೀವೇ ತಪ್ಪಿಸಿಕೊಂಡರೆ? ಒಂದಲ್ಲ ಒಂದು ದಿನ ಎಲ್ಲರೂ ತಪ್ಪಿಸಿಕೊಳ್ಳುತ್ತಾರೆ. ಶೌಚಕ್ಕೆ ಹೋಗಿ ಬರುವುದರೊಳಗೆ ಸಾಲು ಮುಂದೆ ಹೋಗಿರುತ್ತದೆ. ಆಗ ಓಡಬೇಡಿ, ಎದುರು ದಿಕ್ಕಿಗೂ ಹೋಗಬೇಡಿ. ರಸ್ತೆಯ ಅಂಚಿನಲ್ಲಿ ನಿಂತು ಹಾದುಹೋಗುವ ದಿಂಡಿಯ ನಂಬರು ನೋಡಿ. ಕ್ರಮ ಬದಲಾಗುವುದಿಲ್ಲ ಅಂದೆನಲ್ಲ. ನಿಮ್ಮದು 50 ಆಗಿದ್ದು 40 ಹೋಗುತ್ತಿದ್ದರೆ ನಿಮ್ಮದು ಇನ್ನೂ ಬರಬೇಕು, ನಿಂತಲ್ಲೇ ನಿಲ್ಲಿ. 60 ಹೋಗುತ್ತಿದ್ದರೆ ನಿಮ್ಮದು ಮುಂದಿದೆ, ಯಾವುದಾದರೂ ದಿಂಡಿಯ ಹೆಂಗಸರ ಜೊತೆ ಸೇರಿ ನಡೆಯಿರಿ. ಇದು ರಥದ ಹಿಂದಿನ ದಿಂಡಿಗಳ ಲೆಕ್ಕ. ನಿಮ್ಮದು ರಥದ ಮುಂದಿನದಾದರೆ ನಂಬರು ಯಾವ ಕಡೆಯಿಂದ ಎಣಿಸುತ್ತಾರೆ ಅಂತ ಮೊದಲ ದಿನವೇ ಕೇಳಿಟ್ಟುಕೊಳ್ಳಿ. ರಾತ್ರಿ ಬೀಡಿನಲ್ಲಿ ನಂಬರು ಹೇಳಿದರೆ ಡೇರೆ ತೋರಿಸುತ್ತಾರೆ. ದಿಂಡಿಯ ನಂಬರು, ಪ್ರಮುಖರ ಫೋನ್ ನಂಬರು ಬರೆದ ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಫೋನನ್ನೇ ನಂಬಬೇಡಿ. ಆ ಜನದಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದಿಲ್ಲ, ಚಾರ್ಜ್ ಮಾಡಲು ಸರದಿಯಲ್ಲಿ ಕಾಯಬೇಕು.

ಎಚ್ಚರದ ಮಾತೂ ಬೇಕು. ಬಂಗಾರ ಮನೆಯಲ್ಲಿ ಬಿಟ್ಟು ಬನ್ನಿ. ಕತ್ತಲಲ್ಲಿ ಶೌಚಕ್ಕೆ ಹೋಗುವಾಗ ಒಬ್ಬರೇ ಹೋಗಬೇಡಿ, ಪಕ್ಕದವರನ್ನು ಎಬ್ಬಿಸಿ. ನಿದ್ದೆ ಕೆಡುತ್ತದೆ ಅಂತ ಅವರು ಬೇಸರಪಡುವುದಿಲ್ಲ, ನಾಳೆ ಅವರೂ ನಿಮ್ಮನ್ನು ಎಬ್ಬಿಸುತ್ತಾರೆ. ಜೊತೆಗಾರರು ಬೆಳೆಯುವುದು ಇಂಥ ಸಣ್ಣ ಕೆಲಸಗಳಲ್ಲೇ. ಯಾರಾದರೂ ಅತಿಯಾಗಿ ಹತ್ತಿರ ಬಂದು ದುಡ್ಡಿನ ಮಾತು ತೆಗೆದರೆ ಪ್ರಮುಖರಿಗೆ ಹೇಳಿ. ಚಪ್ಪಲಿಯನ್ನು ಎರಡು ತಿಂಗಳು ಮೊದಲೇ ಕೊಂಡು, ಅದನ್ನೇ ಹಾಕಿಕೊಂಡು ದಿನಾ ನಡೆದು ಪಳಗಿಸಿ. ಬಿ.ಪಿ., ಶುಗರ್ ಮಾತ್ರೆ ಇದ್ದರೆ ಡಾಕ್ಟರನ್ನು ಕಂಡು, ಉಪವಾಸದ ದಿನ ಹೇಗೆ ಅಂತ ಕೇಳಿಕೊಂಡೇ ಹೊರಡಿ.

ಸುಮಾರು 250 ಕಿಲೋಮೀಟರ್ ನಡೆಯಲು ಮೊಣಕಾಲು ಒಪ್ಪುವುದಿಲ್ಲ ಅನಿಸಿದರೆ ನಡುವೆಯೂ ಸೇರಬಹುದು. ಜೇಜುರಿ, ನೀರಾ, ಲೋಣಂದ ಮೂರೂ ಪುಣೆ–ಮೀರಜ್ ರೈಲುಮಾರ್ಗದಲ್ಲಿವೆ. ಎಲ್ಲ ರೈಲುಗಳೂ ನಿಲ್ಲುವುದಿಲ್ಲ, ನೋಡಿಕೊಂಡು ಹೊರಡಿ. ಆದರೂ ನನ್ನ ಸಲಹೆ ಕೇಳಿದರೆ ಆಳಂದಿಯಿಂದಲೇ ಶುರುಮಾಡಿ, ಬೇಕಾದಾಗ ದಿಂಡಿಯ ಗಾಡಿ ಹತ್ತಿ. ನಡುವೆ ಸೇರುವವರಿಗೆ ಜೊತೆ ಕೂಡಿಬರುವುದು ನಿಧಾನ. ಅಷ್ಟರಲ್ಲಿ ಉಳಿದವರು ಘಾಟಿನ ಕಷ್ಟ ಒಟ್ಟಿಗೆ ಉಂಡಿರುತ್ತಾರೆ.

ವಾಖರಿಯಲ್ಲಿ ಬೇರೆ ಬೇರೆ ಊರುಗಳ ಪಲ್ಲಕ್ಕಿಗಳು ಕೂಡುತ್ತವೆ. ದೇಹೂವಿನಿಂದ ತುಕಾರಾಮರದು, ತ್ರ್ಯಂಬಕೇಶ್ವರದಿಂದ ನಿವೃತ್ತಿನಾಥರದು, ಪೈಠಣದಿಂದ ಏಕನಾಥರದು. ಪಂಢರಪುರ ಅಲ್ಲಿಂದ ಹತ್ತಿರ. ದಶಮಿಯಂದು ಊರು ಸೇರಿದ ಮೇಲೆ ಒಂದು ಮಾತು ನೆನಪಿಡಿ. ಗರ್ಭಗುಡಿಯ ದರ್ಶನದ ಸರದಿ ಬಹಳ ಉದ್ದ, ಎಷ್ಟೋ ಗಂಟೆ ನಿಲ್ಲಬೇಕು. ಹಳೆಯ ವಾರಕರಿಗಳಲ್ಲಿ ಬಹಳ ಮಂದಿ ಚಂದ್ರಭಾಗೆಯಲ್ಲಿ ಮಿಂದು, ಗುಡಿಯ ಬಾಗಿಲಿನ ಸಂತ ನಾಮದೇವರ ಮೆಟ್ಟಿಲಿಗೆ ಹಣೆ ಹಚ್ಚಿ, ಶಿಖರ ನೋಡಿ ಕೈಮುಗಿದು ಬರುತ್ತಾರೆ. ದಿಂಡಿಯವರ ಜೊತೆ ಊರ ಪ್ರದಕ್ಷಿಣೆ ಹಾಕುವುದನ್ನು ಬಿಟ್ಟು ಒಬ್ಬರೇ ಸರದಿಯಲ್ಲಿ ನಿಲ್ಲಬೇಡಿ.

ಏಕಾದಶಿ ಮುಗಿದ ಮೇಲೆ ದಿಂಡಿ ಬಹಳ ಬೇಗ ಚದುರುತ್ತದೆ. ಬಸ್ಸು, ರೈಲು ಹಿಡಿಯುವ ಅವಸರ. ನಿನ್ನೆಯವರೆಗೆ ಪಕ್ಕದಲ್ಲಿ ಮಲಗಿದವರು ಇವತ್ತು ಇಲ್ಲ. ಒಬ್ಬರೇ ಬಂದವರಿಗೆ ಇದು ಬಹಳ ತಾಕುತ್ತದೆ. ಮನೆಗೆ ಬಂದ ಮೊದಲ ವಾರ ಖಾಲಿ ಖಾಲಿ. ಸಾಧ್ಯವಾದರೆ ಹುಣ್ಣಿಮೆಯವರೆಗೆ ಇದ್ದು ಪಂಢರಪುರದ ಪಕ್ಕದ ಗೋಪಾಳಪುರದ ಕಾಲಾ ಪ್ರಸಾದ ತೆಗೆದುಕೊಂಡು ಬನ್ನಿ. ಆ ನಾಲ್ಕೈದು ದಿನ ಉಳಿದವರ ನಡುವೆ ಮಾತು ಬೇರೆ ಥರ ನಡೆಯುತ್ತದೆ. ಆಮೇಲೆ ಪಲ್ಲಕ್ಕಿ ಬಂದ ದಾರಿಯಲ್ಲೇ ನಡೆದು ವಾಪಸ್ ಹೋಗುತ್ತದೆ, ಜೊತೆಗೆ ಸ್ವಲ್ಪವೇ ಜನ. ಅದು ಮೊದಲ ವರ್ಷಕ್ಕೆ ಬೇಡ. ಊರಿಗೆ ಬಂದ ಮೇಲೆ ಧಾರವಾಡದ ಅದೇ ಮಂದಿರಕ್ಕೆ, ಅದೇ ಏಕಾದಶಿ ಭಜನೆಗೆ ಹೋಗುವುದನ್ನು ಬಿಡಬೇಡಿ. ಖಾಲಿತನಕ್ಕೆ ಅದೇ ಔಷಧ. ದಿಂಡಿಯಲ್ಲಿ ಇಷ್ಟವಾದ ಇಬ್ಬರು, ಮೂವರ ನಂಬರು ವಾಖರಿಯಲ್ಲೇ ಬರೆದುಕೊಳ್ಳಿ. ಪಂಢರಪುರದ ಗದ್ದಲದಲ್ಲಿ ಅದು ಆಗುವುದಿಲ್ಲ.

ಮಗಳ ಮಾತಿಗೆ ಬರುತ್ತೇನೆ. ಅವಳ ಹೆದರಿಕೆ ತಪ್ಪಲ್ಲ, ದೂರದಲ್ಲಿದ್ದಾಳೆ. ವಾದ ಮಾಡಬೇಡಿ. ದಿಂಡಿಯ ನಂಬರು, ಪ್ರಮುಖರ ಹೆಸರು, ಅವರ ಮನೆಯವರ ಫೋನ್, ಯಾವ ದಿನ ಯಾವ ಊರಿನಲ್ಲಿ ಬೀಡು ಅನ್ನುವ ಪಟ್ಟಿ ಅವಳಿಗೆ ಕಳಿಸಿ. ಆ ಪಟ್ಟಿ ಪ್ರತಿ ವರ್ಷ ಮೊದಲೇ ಹೊರಬರುತ್ತದೆ. ಪ್ರಮುಖರ ಜೊತೆ ಅವಳೇ ಒಂದು ಸಲ ಮಾತಾಡಲಿ. ಬೀಡು ಸೇರಿದ ಮೇಲೆ ರಾತ್ರಿ ಒಂದೇ ಫೋನ್ ಮಾಡುತ್ತೇನೆ, ಒಂದು ದಿನ ಬರದಿದ್ದರೆ ನೆಟ್‌ವರ್ಕ್ ಇಲ್ಲ ಅಂತ ತಿಳಿ, ಎರಡು ದಿನ ಬರದಿದ್ದರೆ ಪ್ರಮುಖರಿಗೆ ಮಾಡು ಅಂತ ಮೊದಲೇ ಹೇಳಿಬಿಡಿ.